ಸೊನ್ನೆ ಮಾಡಿ ಹೊರಟ ಕಾರು

ಕಂತು ಏಳು

"ಸ್ಟಾರ್ಟ್ ಆಗ್ಲಿಲ್ಲ ಮೇಡಮ್ಮೋರೆ. ಬ್ಯಾಟರಿ ಹೋಗಿರ್ಬೇಕು," ಎಂದ ಹೆಡ್ ಕಾನ್ಸ್‌ಟೇಬಲ್ ಉಚ್ಚಂಗೆಪ್ಪ, ಕಾರಿನ ಕಿಟಕಿಯೊಳಗೆ ತಲೆ ತೂರಿಸಿ.

"ಆಗೈತೆ," ಎಂದಳು ಸಬ್ ಇನ್ಸ್‌ಪೆಕ್ಟರ್ ದುರ್ಗಾಂಬಿಕಾ.

"ಸದ್ದೇ ಇಲ್ವಲ್ರೀ."

"ಇದು ಹೈಬ್ರಿಡ್ ಗಾಡಿ. ಇಂಜಿನ್ ತನಗೆ ಬೇಕಾದಾಗ ಏಳ್ತದೆ. ನಿಮ್ಮ ಹಂಗೆ."

ಉಚ್ಚಂಗೆಪ್ಪ ತಲೆಯನ್ನು ಹೊರಗೆಳೆದುಕೊಂಡ. ಪರದೆಯ ಮೇಲೆ 'ರೆಡಿ' ಎಂಬ ಹಸಿರು ಅಕ್ಷರ ಮಾತ್ರ ಉರಿಯುತ್ತಿತ್ತು.

ಈ ನಿಶ್ಶಬ್ದವೇ ನಿನ್ನೆ ಮಧ್ಯಾಹ್ನ ಕೈಕೊಟ್ಟಿತ್ತು. ಚನ್ನಗಿರಿಯ ಮೆಡಿಕಲ್ ಶಾಪಿನೆದುರು, ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗುವಿಗೆ ಸೆಕೆಯಾಗದಿರಲೆಂದು ಹೇಮಾವತಿ ಕಾರನ್ನು ಆಫ್ ಮಾಡದೆ ಇಳಿದಿದ್ದಳು. ಮಾತ್ರೆ ಕೊಂಡು ತಿರುಗಿ ನೋಡುವಷ್ಟರಲ್ಲಿ ಕಾರೂ ಇರಲಿಲ್ಲ, ನಾಲ್ಕು ವರ್ಷದ ಇಂಚರಾಳೂ ಇರಲಿಲ್ಲ. ಇವತ್ತು ಬೆಳಿಗ್ಗೆ ನ್ಯಾಮತಿಯ ಸಂತೆ ಮೈದಾನದ ಹಿಂದೆ, ಹೊಂಗೆ ಮರದ ಕೆಳಗೆ ಕಾರು ಸಿಕ್ಕಿತ್ತು. ಮಗು ಸಿಕ್ಕಿರಲಿಲ್ಲ.

ಹೇಮಾವತಿ ಈಗ ಪಕ್ಕದ ಸೀಟಿನಲ್ಲಿದ್ದಳು. ಮಡಿಲಲ್ಲಿ ಮಗುವಿನ ಬಟ್ಟೆಯ ಮೊಲ. ಅದರ ಒಂದು ಕಿವಿಯನ್ನು ಅವಳು ಹಿಡಿದ ಹಿಡಿತಕ್ಕೆ ಬೆರಳ ತುದಿ ಬೆಳ್ಳಗಾಗಿತ್ತು. ನಿನ್ನೆಯಿಂದ ಅಳು ನಿಂತಿರಲಿಲ್ಲ. ಜೋರು ಅಳುವಲ್ಲ, ಸರಿಯಾಗಿ ಬಿಗಿಯದ ನಲ್ಲಿಯ ಹಾಗೆ.

ಅವಳ ಕಡೆಯ ಬಾಗಿಲ ಬಳಿ ಗುರುಬಸವರಾಜ್ ನೀರಿನ ಬಾಟಲಿ ಹಿಡಿದು ನಿಂತಿದ್ದ. ದಾವಣಗೆರೆಯಲ್ಲಿ ಟೈಲ್ಸ್ ಅಂಗಡಿ. ಬರುವ ಸೋಮವಾರ ಹೇಮಾವತಿಯನ್ನು ಮದುವೆಯಾಗಲಿರುವವನು. ಅವಳ ಗಂಡ ಪ್ರವೀಣ್ ಕುಮಾರ್ ತೀರಿಕೊಂಡು ಎರಡು ವರ್ಷವಾಗಿತ್ತು. ನಿನ್ನೆಯಿಂದ ಗುರುಬಸವರಾಜ್ ಅವಳ ಬ್ಯಾಗು ಹೊತ್ತಿದ್ದ, ಅವಳ ಫೋನನ್ನೂ ತಾನೇ ಎತ್ತುತ್ತಿದ್ದ.

"ಒಂದು ಗುಟುಕು ಕುಡಿ ಹೇಮಾ," ಎಂದ. ದನಿ ಮೆತ್ತಗಿತ್ತು.

ದುರ್ಗಾಂಬಿಕಾ ಸ್ಟಿಯರಿಂಗಿನ ಮೇಲಿದ್ದ ಗುಂಡಿ ಒತ್ತುತ್ತ ಹೋದಳು. ಟೈರಿನ ಗಾಳಿ, ಹೊರಗಿನ ಬಿಸಿಲು, ಆಮೇಲೆ ದೂರ ಮತ್ತು ಮೈಲೇಜು ಅಳೆಯುವ ಎರಡು ಮೀಟರುಗಳಲ್ಲೊಂದಾದ 'ಟ್ರಿಪ್ ಬಿ'. ಲೀಟರಿಗೆ ಹತ್ತಿರ ಹತ್ತಿರ ಇಪ್ಪತ್ತೈದು ಕಿಲೋಮೀಟರ್.

"ಇದು ನಂದು ಮೇಡಂ. ಪೆಟ್ರೋಲ್ ತುಂಬಿಸಿದಾಗೆಲ್ಲ ಸೊನ್ನೆ ಮಾಡ್ತೀನಿ." ಹೇಮಾವತಿ ಮೂಗೊರೆಸಿಕೊಂಡಳು. "ಆದ್ರೆ ನಂಗೆ ಯಾವತ್ತೂ ಇಪ್ಪತ್ತೆರಡು ದಾಟಿಲ್ಲ."

"ಇವಳೇ ವಾಸಿ," ಎಂದ ಗುರುಬಸವರಾಜ್, ಅವಳನ್ನು ಸ್ವಲ್ಪ ನಗಿಸಲೆಂಬಂತೆ. "ನಾನು ಒಂದ್ಸಲ ಓಡಿಸಿದ್ದಕ್ಕೆ ಇವರ ಅತ್ತೆ ಮುಖ ಊದಿಸಿಕೊಂಡಿದ್ರು. ಮೀಟರ್ ತಾನೇ ಮೇಡಂ, ಅದರಾಗೇನು ಸಿಗ್ತೈತೆ?"

ದುರ್ಗಾಂಬಿಕಾ ಮತ್ತೊಮ್ಮೆ ಒತ್ತಿದಳು. 'ಟ್ರಿಪ್ ಎ'. ಓಡಿದ ದೂರ ಇನ್ನೂರ ಹನ್ನೆರಡು ಕಿಲೋಮೀಟರ್. ಸರಾಸರಿ ಲೀಟರಿಗೆ ಇಪ್ಪತ್ತೊಂಬತ್ತು ಪಾಯಿಂಟ್ ನಾಲ್ಕು.

ಹೇಮಾವತಿಯ ಅಳು ನಿಂತಿತು.

ದುರ್ಗಾಂಬಿಕಾ ಪರದೆಯಿಂದ ಕಣ್ಣು ತೆಗೆಯದೆ ಅದನ್ನು ಕೇಳಿಸಿಕೊಂಡಳು. ಪಕ್ಕದಲ್ಲಿ ಒಂದು ದೀರ್ಘ ಉಸಿರು ಒಳಗೆ ಹೋಯಿತು, ನಿಧಾನವಾಗಿ ಹೊರಗೆ ಬಂತು. ಮೊಲದ ಕಿವಿ ಬಿಡುಗಡೆಯಾಯಿತು.

"ಇದು ಯಾರದು?"

"ಗೊತ್ತಿಲ್ಲ ಮೇಡಂ. ಅದನ್ನ ಯಾರೂ ನೋಡಲ್ಲ."

ಗುರುಬಸವರಾಜ್ ಬಾಗಿ ಪರದೆ ನೋಡಿದ. ಬೇಕಾದ್ದಕ್ಕಿಂತ ಕೊಂಚ ಹೆಚ್ಚು ಹೊತ್ತು ನೋಡಿದ. ಬಾಟಲಿಯ ಮುಚ್ಚಳ ಬಿಗಿದು, "ಬಿಸಿಲು ಏರ್ತಾ ಐತೆ, ಹೇಮಾನ ಮನಿಗೆ ಬಿಟ್ಟು ಬರ್ಲಾ?" ಎಂದ.

"ಬೇಡ. ಹೊನ್ನಾಳಿ ಠಾಣೆಗೆ ಉಚ್ಚಂಗೆಪ್ಪನವರು ಕರ್ಕೊಂಡು ಹೋಗ್ತಾರೆ. ಬೇಕಾದ್ರೆ ನಿಮ್ಮ ಕಾರಲ್ಲಿ ಹಿಂದೆ ಬನ್ನಿ. ಈ ಗಾಡಿ ನಾನು ತರ್ತೀನಿ."

*

ಜೀಪಿನ ಬಳಿ ಉಚ್ಚಂಗೆಪ್ಪನನ್ನು ಪಕ್ಕಕ್ಕೆ ಕರೆದಳು.

"ಆಯಮ್ಮ ಅಳು ನಿಲ್ಲಿಸಿದ್ದು ಗೊತ್ತಾಯ್ತಾ?"

"ಕಣ್ಣೀರು ಖಾಲಿ ಆಗಿರ್ತೈತೆ ಬಿಡ್ರಿ."

"ಮಗು ಕಳಕೊಂಡೋಳಿಗೆ ಕಣ್ಣೀರು ಖಾಲಿ ಆಗಲ್ಲ. ಒಂದು ನಂಬರ್ ನೋಡಿದ್ಲು, ಅಳು ನಿಂತ್ಹೋಯ್ತು. ಆ ನಂಬರ್ ಅವಳಿಗೆ ಏನೋ ಹೇಳ್ತು."

ಉಚ್ಚಂಗೆಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. ನಿನ್ನೆಯಿಂದ ಅವನು ಮೂರು ತಾಲ್ಲೂಕಿನ ಪೆಟ್ರೋಲ್ ಬಂಕುಗಳ ಕ್ಯಾಮೆರಾ ನೋಡಿ ನೋಡಿ ಕಣ್ಣು ಕೆಂಪಗೆ ಮಾಡಿಕೊಂಡಿದ್ದ. ಈ ಕಾರು ಒಂದರಲ್ಲೂ ಕಂಡಿರಲಿಲ್ಲ.

"ಎಂಟು ಲೀಟರ್ ಕೂಡ ಕುಡಿದಿಲ್ಲ," ಎಂದಳು ದುರ್ಗಾಂಬಿಕಾ. "ಬಂಕಿಗೆ ಯಾಕೆ ಹೋಗ್ತದೆ? ಕಾರು ಕದ್ದೋನು ಎದ್ದು ಬಿದ್ದು ಓಡಿಸ್ತಾನೆ. ಈ ಗಾಡಿ ಓಡಿಸಿದೋರು ಅವಸರಾನೇ ಮಾಡಿಲ್ಲ. ಹಿಂದೆ ಮಗು ಮಲಗೈತೆ ಅಂತ ಗೊತ್ತಿದ್ದೋರು ಓಡಿಸಿದ ಹಂಗೈತೆ."

"ಹಂಗಾದ್ರೆ ಒಳ್ಳೆ ಕಳ್ಳ."

"ಇನ್ನೊಂದು. ಹೊರಡೋ ಮುಂಚೆ ಮೀಟರನ್ನ ಸೊನ್ನೆ ಮಾಡಿದಾರೆ. ಯಾವ ಕಳ್ಳ ಸೊನ್ನೆ ಮಾಡ್ತಾನ್ರೀ? ಅವನೇನು ಲೆಕ್ಕ ಒಪ್ಪಿಸಬೇಕಾ? ಅಭ್ಯಾಸ ಇದ್ದೋರಿಗೆ ಕೈ ತಾನಾಗಿ ಹೋಗ್ತದೆ. ಇದು ಮನೆಯೋರ ಕೆಲ್ಸ."

"ಮನೆಯೋರು ಅಂದ್ರೆ ಇನ್ಯಾರಿದಾರೆ? ಹೊನ್ನಾಳಿಯಾಗೆ ಅತ್ತೆ ನಿರ್ಮಲಮ್ಮ ಒಬ್ರೇ. ನಿನ್ನೆ ಸಂಜೆ ಫೋನ್ ಮಾಡಿದ್ನಲ್ಲ, ಮನ್ಯಾಗೇ ಅದೀನಿ ಅಂದ್ರು."

"ಅವರಿಗೆ ಡ್ರೈವಿಂಗ್ ಬರ್ತದಾ?"

ಉಚ್ಚಂಗೆಪ್ಪ ನಕ್ಕುಬಿಟ್ಟ. "ಅರವತ್ತು ದಾಟೈತೆ ಮೇಡಮ್ಮೋರೆ. ಬಸ್ಸಿನಾಗೆ ಕಿಟಕಿ ಸೀಟು ಸಿಕ್ರೆ ಸಾಕು ಅನ್ನೋ ವಯಸ್ಸು."

"ಕೇಳಿದ್ರಾ?"

"ಅದನ್ನ ಯಾರು ಕೇಳ್ತಾರೆ?"

ದುರ್ಗಾಂಬಿಕಾ ಅವನ ಮುಖವನ್ನೇ ನೋಡಿದಳು. ಉಚ್ಚಂಗೆಪ್ಪ ಟೋಪಿ ಹಾಕಿಕೊಂಡ.

*

ಹೊನ್ನಾಳಿಯ ಆ ಮನೆಯ ಅಂಗಳದಲ್ಲಿ ಸುಲಿದ ಮೆಕ್ಕೆಜೋಳ ಹರಡಿತ್ತು. ನಿರ್ಮಲಮ್ಮ ಸೆರಗು ಸಿಕ್ಕಿಸಿಕೊಂಡು ಬರಿಗಾಲಲ್ಲಿ ಅದನ್ನು ಆಡಿಸುತ್ತಿದ್ದಳು. ಗೇಟಿನ ಹೊರಗೆ ಕಾರು ನಿಂತದ್ದು ಕಂಡಾಗ ಪಾದ ನಿಂತಿತು. ಆಮೇಲೆ ಮತ್ತೆ ಆಡಿತು.

"ಬರ್ರಿ ಮೇಡಂ. ಕಾರು ಸಿಕ್ತು ಅಂತ ಗೊತ್ತಾತು. ಕೂತ್ಗಳ್ರಿ, ಚಾ ಮಾಡ್ತೀನಿ."

ಮಗುವಿನ ಸುದ್ದಿ ಕೇಳಲಿಲ್ಲ. ದುರ್ಗಾಂಬಿಕಾ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಪಡಸಾಲೆಯ ಗೋಡೆಯ ಮೇಲೆ ಪ್ರವೀಣ್ ಕುಮಾರನ ಫೋಟೋ. ನಗುವಾಗ ಒಂದು ಕಣ್ಣು ಸಣ್ಣದಾಗುವ ಹುಡುಗ. ಅದೇ ಕಾರಿನ ಬಾನೆಟ್ಟಿಗೆ ಒರಗಿ ನಿಂತಿದ್ದಾನೆ.

"ಗಾಡಿ ತಗಂಡ ದಿನ," ಎಂದಳು ನಿರ್ಮಲಮ್ಮ, ಚಹಾದ ಲೋಟ ಇಡುತ್ತ. "ಪೆಟ್ರೋಲ್ ಉಳಿಸಾ ಗಾಡಿ ಅವ್ವಾ ಅಂತ ಊರೆಲ್ಲ ಹೇಳ್ಕಂಡು ತಿರುಗ್ದ. ಗಾಡಿ ಉಳಿಸಲ್ಲ, ಓಡ್ಸೋರು ಉಳಿಸ್ಬೇಕು ಅಂತ ಆಮ್ಯಾಲೆ ಗೊತ್ತಾತು."

"ಯಾರಿಗೆ ಗೊತ್ತಾಯ್ತು?"

ನಿರ್ಮಲಮ್ಮ ಸೆರಗಿನ ತುದಿಯಿಂದ ಫೋಟೋದ ಗಾಜು ಒರೆಸಿದಳು.

ದುರ್ಗಾಂಬಿಕಾ ಚಹಾ ಕುಡಿದು ಮುಗಿಸಿದಳು. ಅವಳಿಗೂ ಮನೆಯಲ್ಲಿ ಮೂರು ವರ್ಷದ ಮಗನಿದ್ದ. ನಿನ್ನೆ ಬೆಳಿಗ್ಗೆ ಬಿಟ್ಟು ಬಂದವಳು ಇನ್ನೂ ಅವನ ಮುಖ ನೋಡಿರಲಿಲ್ಲ. ಈಗಷ್ಟೇ ಗಂಡ ಫೋನು ಮಾಡಿ, ಅನ್ನ ಉಣ್ಣುತ್ತಿಲ್ಲ, ನಿನ್ನ ಹಳೇ ವೇಲು ಹಿಡ್ಕೊಂಡು ಕೂತಿದ್ದಾನೆ ಎಂದಿದ್ದ. ಇನ್ನೊಬ್ಬರ ಮನೆಯ ಮಗುವನ್ನು ಹುಡುಕುವಾಗ ಇಂಥ ಮಾತು ನೆನಪಾಗಬಾರದು. ಆಗುತ್ತದೆ.

"ಅಮ್ಮಾ, ಹಿಂಗೆ ಸೇತುವೆ ತನಕ ಹೋಗಿ ಬರೋಣ ಬನ್ನಿ. ಒಂದು ಮಾತು ಕೇಳೋದೈತೆ. ನೀವು ಹೋಗಿ ಕೂತಿರಿ, ನಾನು ಚಪ್ಪಲಿ ಹಾಕ್ಕೊಂಡು ಬರ್ತೀನಿ."

ನಿರ್ಮಲಮ್ಮ ಸೊಂಟಕ್ಕೆ ಎಲೆ ಅಡಿಕೆಯ ಚೀಲ ಸಿಕ್ಕಿಸಿಕೊಂಡು ಗೇಟು ದಾಟಿದಳು. ದುರ್ಗಾಂಬಿಕಾ ಹೊಸ್ತಿಲಲ್ಲೇ ನಿಂತಳು. ಕಾರು ಲಾಕ್ ಆಗಿತ್ತು. ಹೇಮಾವತಿ ಕೊಟ್ಟ ಕೀ ದುರ್ಗಾಂಬಿಕಾಳ ಮುಷ್ಟಿಯಲ್ಲಿತ್ತು, ಕಾರಿನಿಂದ ಇಡೀ ಅಂಗಳದಷ್ಟು ದೂರದಲ್ಲಿ.

ನಿರ್ಮಲಮ್ಮ ಬಾಗಿಲ ಹಿಡಿಗೆ ಕೈ ಹಾಕಿದಳು.

ಕಾರು ಸಣ್ಣಗೆ ಕೂಗಿತು. ಮಡಚಿದ್ದ ಕನ್ನಡಿಗಳು ಎರಡೂ ಕಡೆ ಬಿಚ್ಚಿಕೊಂಡವು. ಬಾಗಿಲು ತೆರೆಯಿತು.

ಮನೆಯವರು ಬಂದರೆ ಕಿವಿ ನಿಮಿರಿಸುವ ನಾಯಿಯ ಹಾಗೆ, ಅಂದುಕೊಂಡಳು ದುರ್ಗಾಂಬಿಕಾ. ಕಳೆದುಹೋಗಿದೆ ಎಂದು ಹೇಮಾವತಿ ದೂರಿನಲ್ಲಿ ಬರೆಸಿದ್ದ ಎರಡನೇ ಕೀ ಆ ಎಲೆ ಅಡಿಕೆಯ ಚೀಲದಲ್ಲಿತ್ತು.

ಅವಳು ನಡೆದು ಹೋಗಿ ಪಕ್ಕದ ಸೀಟಿನಲ್ಲಿ ಕೂತಳು.

"ಈ ಕಡೆ ಯಾಕೆ ಕೂತ್ರಿ?" ಎಂದಳು ನಿರ್ಮಲಮ್ಮ, ಹೊರಗೇ ನಿಂತು.

"ನೀವೇ ಓಡ್ಸಿ. ನಂಗೆ ನಿನ್ನೆಯಿಂದ ನಿದ್ದೆ ಇಲ್ಲ."

ಒಂದು ಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಿರ್ಮಲಮ್ಮ ಸ್ಟಿಯರಿಂಗಿನ ಹಿಂದೆ ಕೂತಳು, ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಗುಂಡಿ ಒತ್ತಿದಳು. ಆಮೇಲೆ, ದೇವರ ಮುಂದೆ ಕೈ ಹಣೆಗೆ ಹೋಗುವಷ್ಟು ಸಲೀಸಾಗಿ, ಅವಳ ಬೆರಳು ಹೋಗಿ 'ಟ್ರಿಪ್ ಎ'ಯನ್ನು ಒತ್ತಿ ಹಿಡಿಯಿತು.

ಇನ್ನೂರ ಹನ್ನೆರಡು ಹೋಯಿತು. ಸೊನ್ನೆ ಬಂತು.

ಬೆರಳು ಅಲ್ಲೇ ಉಳಿಯಿತು. ತಾನು ಮಾಡಿದ್ದೇನೆಂದು ನಿರ್ಮಲಮ್ಮನಿಗೆ ಆಗ ಹೊಳೆಯಿತು.

"ಪರವಾಗಿಲ್ಲ ಅಮ್ಮಾ," ಎಂದಳು ದುರ್ಗಾಂಬಿಕಾ. "ನಾನು ಅದರ ಫೋಟೋ ತೆಗೆದಿಟ್ಕೊಂಡಿದೀನಿ. ಹೊರಡಿ."

*

ಕಾರು ಸದ್ದಿಲ್ಲದೆ ಬೀದಿಯಿಂದ ಹೊರಗೆ ತೇಲಿತು. ದುರ್ಗಾಂಬಿಕಾ ಇಂಥ ಚಾಲನೆ ನೋಡಿರಲಿಲ್ಲ. ಮುಂದೆ ಎಮ್ಮೆ ಕಂಡರೆ ಅದಕ್ಕೂ ಎಷ್ಟೋ ಮೊದಲೇ ಕಾಲು ಮೇಲೆದ್ದಿರುತ್ತಿತ್ತು. ಹಂಪು ಬರುವ ಹೊತ್ತಿಗೆ ಕಾರು ತಾನಾಗಿ ನಿಧಾನವಾಗಿರುತ್ತಿತ್ತು. ಬ್ರೇಕಿಗೆ ಕೆಲಸವೇ ಇರಲಿಲ್ಲ.

ಮುಂದಿನ ಫಲಕದಲ್ಲಿ ಒಂದು ಮುಳ್ಳು. ಎಡಕ್ಕೆ 'ಚಾರ್ಜ್', ನಡುವೆ 'ಎಕೋ', ಬಲಕ್ಕೆ 'ಪವರ್'. ನಿರ್ಮಲಮ್ಮನ ಮುಳ್ಳು ನಡುವಿನಿಂದ ಎಡಕ್ಕೆ, ಎಡದಿಂದ ನಡುವಿಗೆ ಆಡುತ್ತಿತ್ತು. ಬಲಕ್ಕೆ ಹೋಗುತ್ತಲೇ ಇರಲಿಲ್ಲ.

"ಯಾರು ಕಲಿಸಿದ್ದು?"

"ಮಗ. ನಂಗೆ ಆಗ ಐವತ್ತೆಂಟು. ಊರಾಗೆ ಯಾರಿಗೂ ಹೇಳ್ಬ್ಯಾಡ, ನಗ್ತಾರೆ ಅಂದೆ. ಸಾಸ್ವೆಹಳ್ಳಿ ಕಡೆ ಖಾಲಿ ರಸ್ತೆಗೆ ಕರ್ಕಂಡು ಹೋಗಿ ಕಲಿಸ್ದ." ಅವಳ ದನಿಗೆ ಸ್ವಲ್ಪ ಜೀವ ಬಂತು. "ಮುಂದೆ ನಿಲ್ಲಿಸೋದೈತೆ ಅಂತ ಗೊತ್ತಿದ್ರೆ ಮೊದ್ಲೇ ಕಾಲು ಎತ್ಬೇಕು. ಆಗ ಚಕ್ರ ತಿರುಗಿದ್ದೆಲ್ಲ ಬ್ಯಾಟರಿಗೆ ತುಂಬ್ತೈತೆ. ಕೊನೇ ಗಳಿಗೇಲಿ ಗಪ್ ಅಂತ ತುಳಿದ್ರೆ ಎಲ್ಲ ಬಿಸಿಯಾಗಿ ಗಾಳಿಗೆ ಹೋಗ್ತೈತೆ. ಇಳಿಜಾರಾಗೆ ನ್ಯೂಟ್ರಲ್ಲಿಗೆ ಹಾಕ್ತಾರೆ ಕೆಲವ್ರು, ಉಳೀತೈತೆ ಅಂತ. ಅದು ತಪ್ಪು. ಗೇರಿನಾಗೇ ಇರ್ಬೇಕು, ಇಲ್ದಿದ್ರೆ ತುಂಬಲ್ಲ."

"ಕಾಲು ಇಷ್ಟು ಹಗುರ ಹೆಂಗೆ ಬಂತು?"

"ಹುಗ್ಗಿ ತಳ ಹಿಡೀದಂಗೆ ಉರಿ ಇಡ್ತೀವಲ್ಲ, ಹಂಗೆ. ಪ್ರವೀಣ ಪುಸ್ತಕ ಓದಿ ಹೇಳ್ತಿದ್ದ, ನಾನು ಒಲೆ ಅಂತ ತಿಳ್ಕಂಡೆ."

"ಟ್ರಿಪ್ ಎ ನಿಮ್ದು, ಬಿ ಹೇಮಾವತಿದು."

"ಅವನೇ ಹಂಗೆ ಪಾಲು ಮಾಡಿದ್ದು. ಅತ್ತೆ ಸೊಸೆಗೆ ಪಂದ್ಯ. ಯಾರು ಕಮ್ಮಿ ತೆಗೀತಾರೋ ಅವರು ಭಾನುವಾರ ಗೋಧಿ ಹುಗ್ಗಿ ಮಾಡ್ಬೇಕು. ಆ ಹುಡುಗಿ ಒಂದ್ಸಲಾನೂ ಗೆದ್ದಿಲ್ಲ. ಅವನು ಹೋದ ಮ್ಯಾಲೂ ನಾನು ಚನ್ನಗಿರಿಗೆ ಹೋದಾಗೆಲ್ಲ ಕೀ ಕೊಟ್ಟು, ಅತ್ತೆ ನಿಮ್ಮದು ಸೊನ್ನೆ ಮಾಡ್ಕಳ್ರಿ ಅಂತಾಳೆ. ಬೇರೆ ಏನೂ ಮಾತಾಡಾಕೆ ಆಗದಿದ್ದಾಗ ನಾವಿಬ್ರೂ ಮೈಲೇಜ್ ಮಾತಾಡ್ತಿದ್ವಿ."

ದಾರಿಯ ಅಂಚಿನಲ್ಲಿ ಯಾರೋ ಡಾಂಬರಿನ ಮೇಲೇ ಜೋಳ ಒಣಗಲು ಹರಡಿದ್ದರು. ಕಾರು ಅದನ್ನು ಬಳಸಿಕೊಂಡು ಸರಿಯಿತು. ಕಿಟಕಿಯಿಂದ ಬಿಸಿಲು, ಸೀಟಿನ ಸಣ್ಣ ತೂಗಾಟ. ದುರ್ಗಾಂಬಿಕಾಳ ರೆಪ್ಪೆ ಎಳೆಯಿತು. ಬೆಚ್ಚಿ ಕಣ್ಣು ಬಿಟ್ಟಳು. ಒಬ್ಬ ಪೊಲೀಸ್ ಅಧಿಕಾರಿಯನ್ನು ಆರೋಪಿಯ ಪಕ್ಕದಲ್ಲಿ ಮಲಗಿಸಿಬಿಡುವ ಚಾಲನೆ ಇದು. ನಿನ್ನೆ ಮಗು ಏಕೆ ಅಳಲಿಲ್ಲ, ದಾರಿಯಲ್ಲಿ ಯಾರ ಗಮನಕ್ಕೂ ಏಕೆ ಬರಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವಳು ಮುಳ್ಳಿನ ಮೇಲೆ ಕಣ್ಣಿಟ್ಟು ಕೇಳಿದಳು.

"ಅಮ್ಮಾ, ಇಂಚರ ಚೆನ್ನಾಗಿದಾಳಾ?"

ಮುಳ್ಳು ಅಲುಗಲಿಲ್ಲ. ಎಕೋದ ನಡುವೆ ಹಾಗೇ ನಿಂತಿತ್ತು. ನಿರ್ಮಲಮ್ಮನ ಬಾಯಿ ಬಿಗಿದಿತ್ತು, ಆದರೆ ಕಾಲು ಉತ್ತರ ಕೊಟ್ಟಿತ್ತು. ಮಗು ಕ್ಷೇಮ.

ದುರ್ಗಾಂಬಿಕಾ ಸೀಟಿಗೆ ಒರಗಿದಳು.

"ಹಸಿವು ಆಗಿರಲ್ವಾ ಅವಳಿಗೆ?"

ಮುಳ್ಳು ಸ್ಥಿರ.

"ಸೋಮವಾರ ಮದುವೆ ಅಲ್ವಾ? ಗುರುಬಸವರಾಜ್ ಪಾಪ, ಬಹಳ ಓಡಾಡ್ತಿದಾರೆ."

ಮುಳ್ಳು ಬಲಕ್ಕೆ ಹಾರಿತು. ಬಾನೆಟ್ಟಿನ ಕೆಳಗೆ ಇಂಜಿನ್ ಎದ್ದು ಗುರುಗುಟ್ಟಿತು. ನಿರ್ಮಲಮ್ಮ ತಕ್ಷಣ ಕಾಲೆತ್ತಿದಳು, ಆದರೆ ತಡವಾಗಿತ್ತು.

ಸೇತುವೆ ಬಂತು. ಕೆಳಗೆ ತುಂಗಭದ್ರೆ ಬಂಡೆಗಳ ನಡುವೆ ಹರಡಿಕೊಂಡಿತ್ತು.

"ನಿಮ್ಮ ಕಾಲಿಗೆ ಸುಳ್ಳು ಬರಲ್ಲ ಅಮ್ಮಾ," ಎಂದಳು ದುರ್ಗಾಂಬಿಕಾ, ಮೆಲ್ಲಗೆ. "ಹೇಳಿಬಿಡಿ. ಹೇಮಾವತಿಗೆ ಆಗ್ಲೇ ಗೊತ್ತಾಗೈತೆ. ಆ ಇಪ್ಪತ್ತೊಂಬತ್ತು ನೋಡಿದ ಕೂಡ್ಲೇ ಅಳು ನಿಲ್ಲಿಸಿದ್ಲು. ನಿಮ್ಮ ಹೆಸರು ಹೇಳ್ಲಿಲ್ಲ."

ನಿರ್ಮಲಮ್ಮನ ಕಣ್ಣು ತುಂಬಿತು. ಸೇತುವೆ ದಾಟಿ, ಬೇವಿನ ನೆರಳಲ್ಲಿ ಕಾರನ್ನು ಅಂಚಿಗೆ ನಿಲ್ಲಿಸಿದಳು. ಅಷ್ಟು ಹೊತ್ತಿನಲ್ಲೂ ಬ್ರೇಕು ನಯವಾಗಿಯೇ ಬಿತ್ತು.

"ಹೇಳ್ಲಿಲ್ವಾ?"

"ಇಲ್ಲ."

"ನನ್ನ ಕೂಸು," ಎಂದಳು ನಿರ್ಮಲಮ್ಮ. ಮೊಮ್ಮಗಳನ್ನಲ್ಲ, ಸೊಸೆಯನ್ನು.

ಆಮೇಲೆ ಹೇಳತೊಡಗಿದಳು.

"ಈ ಸಂಬಂಧ ತಂದಿದ್ದೇ ನಾನು ತಾಯಿ. ಆಕಿ ಒಲ್ಲೆ ಅಂದ್ಲು. ಇಪ್ಪತ್ತೊಂಬತ್ತರ ವಯಸ್ಸಿನಾಗೆ ಒಂಟಿ ಯಾಕಿರ್ಬೇಕು ಅಂತ ನಾನೇ ಕಾಲು ಹಿಡಿದಂಗೆ ಒಪ್ಪಿಸ್ದೆ. ಹುಡುಗ ನೋಡಾಕೆ ಮೆತ್ತಗವನೆ, ಮಾತು ಮೆತ್ತಗೈತೆ. ಹೋದ ತಿಂಗ್ಳು ಶಿವಮೊಗ್ಗಕ್ಕೆ ಹೋಗಿ ಬರ್ತೀನಿ ಅಂತ ಈ ಗಾಡಿ ತಗಂಡು ಹೋದ. ತಿರುಗಿ ತಂದಾಗ ನಾನು ಚನ್ನಗಿರಿಯಾಗೇ ಇದ್ದೆ. ನೋಡ್ತೀನಿ, ನನ್ನ ಇಪ್ಪತ್ತೊಂಬತ್ತನ್ನ ಹದಿನೇಳಕ್ಕೆ ಇಳಿಸಿಟ್ಟವನೆ."

ಅವಳು ಮೂಗು ಒರೆಸಿಕೊಂಡಳು. "ನಿಜ ಹೇಳ್ತೀನಿ, ಮೊದಲು ಸಿಟ್ಟು ಬಂದಿದ್ದು ಮೈಲೇಜಿಗೆ."

ದುರ್ಗಾಂಬಿಕಾಳಿಗೆ ನಗು ಬಂತು. ತಡೆದುಕೊಂಡಳು.

"ಆಮ್ಯಾಲೆ ಕಿಲೋಮೀಟರ್ ನೋಡ್ದೆ. ಶಿವಮೊಗ್ಗಕ್ಕೆ ಹೋಗಿ ಬಂದ್ರೆ ಆಗಾದಕ್ಕಿಂತ ಎರಡರಷ್ಟು ಓಡೈತೆ. ನಕ್ಷೆ ಬರಾ ಪರದೆ ಒತ್ತಿದ್ರೆ, ಹಿಂದಿನ ಸಲ ಹೋದ ಊರು ತಾನೇ ಬಂತು. ಜಗಳೂರು."

"ಜಗಳೂರಲ್ಲಿ ಯಾರಿದಾರೆ ಅವನಿಗೆ?"

"ನಂಗೂ ಅದೇ ಪ್ರಶ್ನೆ. ನಮ್ಮ ಮನ್ಯಾಗೆ ಇಪ್ಪತ್ತು ವರ್ಷ ಕೆಲ್ಸ ಮಾಡಿದ ಕೊಲ್ಲಾಪುರಮ್ಮ ಅಲ್ಲಿಯೋಳು. ಪ್ರವೀಣನ್ನ ಎತ್ತಿ ಆಡ್ಸಿದೋಳು. ಅವಳಿಗೆ ಇವನ ಫೋಟೋ ಕಳಿಸ್ದೆ. ಮೂರು ದಿನಕ್ಕೆ ಫೋನು ಮಾಡಿದ್ಲು." ನಿರ್ಮಲಮ್ಮ ಸ್ಟಿಯರಿಂಗನ್ನು ಎರಡೂ ಕೈಯಿಂದ ಹಿಡಿದಳು. "ಅಲ್ಲಿ ಅವನ ಹೆಸರು ಗುರುಬಸವರಾಜ್ ಅಲ್ವಂತೆ. ಕೊಲ್ಲಾಪುರಮ್ಮನ ಪಕ್ಕದ ಓಣಿಯಾಗೇ ಒಂದು ಬಾಡಿಗೆ ಮನೆ, ಮನ್ಯಾಗೆ ಒಬ್ಬ ಹೆಂಗಸು. ನನ್ನ ಗಂಡ ಬೋರ್‌ವೆಲ್ ಲಾರಿ ಮ್ಯಾಲೆ ಊರೂರು ತಿರುಗ್ತಾನೆ ಅಂತ ಓಣಿ ತುಂಬ ಹೇಳ್ಕಂಡವಳೆ."

"ಹೇಮಾವತಿಗೆ ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ? ಒಪ್ಪಿಸಿದೋಳೂ ನಾನೇ, ಬ್ಯಾಡ ಅನ್ನೋಳೂ ನಾನೇ. ಮಗನ್ನ ಮರೀಲಾರದೆ ಅತ್ತೆ ತಲೆ ತಿರುಗೈತೆ ಅಂತಾಳೆ. ಅವನು ಮೆತ್ತಗೆ ಎರಡು ಮಾತು ಹೇಳಿದ್ರೆ ನಂಬ್ತಾಳೆ. ಕಣ್ಣಾರೆ ನೋಡ್ಲಿ ಅಂತ ಮಾಡ್ದೆ. ನಿನ್ನೆ ಮಾತ್ರೆ ತಗಳ್ಳಾಕೆ ಬರ್ತಾಳೆ ಅಂತ ಗೊತ್ತಿತ್ತು, ಆ ಅಂಗಡಿ ಹತ್ರ ಕಾದಿದ್ದೆ. ಕೂಸನ್ನ ಕೊಲ್ಲಾಪುರಮ್ಮನ ಹತ್ರ ಬಿಟ್ಟು, ಸಂಜೆ ಒಳಗೆ ಹೇಮಾಗೆ ಫೋನು ಮಾಡಿ, ಜಗಳೂರಿಗೆ ಒಬ್ಬಳೇ ಬಾ, ಮಗು ಇಲ್ಲೈತೆ, ಕ್ಷೇಮ ಅಂತ ಹೇಳೋದು. ಆ ಓಣಿ ತೋರ್ಸೋದು. ಅಷ್ಟೇ ತಾಯಿ. ಒಂದು ಮಧ್ಯಾಹ್ನದ ಕೆಲ್ಸ."

"ಮತ್ತೆ?"

"ಫೋನ್ ಮಾಡ್ದಾಗೆಲ್ಲ ಅವನೇ ಎತ್ತಿದ." ದನಿ ಒಡೆಯಿತು. "ಏನಂತ ಹೇಳ್ಲಿ? ಅಳ್ತಾ ಕೂತ ನನ್ನ ಸೊಸೆ ಸದ್ದು ಅವನ ಹಿಂದೆ ಕೇಳ್ತಿತ್ತು. ಕಾರು ಜಗಳೂರಾಗೇ ಸಿಕ್ರೆ ಅವನಿಗೆ ಗೊತ್ತಾಗ್ತೈತೆ ಅಂತ ನ್ಯಾಮತಿ ತನಕ ತಂದು ಬಿಟ್ಟೆ. ಬಸ್ಸಿಗೆ ಮನಿಗೆ ಬಂದೆ."

"ಮಗುಗೆ ಏನು ಹೇಳಿ ಕರ್ಕೊಂಡು ಹೋದ್ರಿ?"

"ಏನೂ ಹೇಳಿಲ್ಲ. ಜಗಳೂರು ಮುಟ್ಟೋ ತನಕ ಕಣ್ಣೇ ಬಿಡಲಿಲ್ಲ. ಅವಳಪ್ಪ ಹಿಂಗೇ ಮಲಗಿಸ್ತಿದ್ದ, ಸೂಳೆಕೆರೆ ಏರಿ ಮ್ಯಾಲೆ ಹಿಂದೆ ಮುಂದೆ ಓಡಾಡ್ಸಿ. ಎದ್ದೋಳು, ಅಜ್ಜಿ ಎಷ್ಟು ಬಂತು ಅಂತ ಕೇಳಿದ್ಲು. ಮೀಟರ್ ನೋಡಿ ಮೂವತ್ತು ಅಂದೆ. ಚಪ್ಪಾಳೆ ಹೊಡೆದ್ಲು."

ಹೊರಗೆ ಒಂದು ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋಯಿತು.

ಕಾನೂನಿನ ಪ್ರಕಾರ ಇದು ಅಪಹರಣ. ದುರ್ಗಾಂಬಿಕಾ ಆ ಪದವನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದಳು. ಎಲೆ ಅಡಿಕೆಯ ಚೀಲದ ಪಕ್ಕ ಅದು ಕೂರಲಿಲ್ಲ.

"ನಾನು ಹೇಮಾವತಿಗೆ ಹೇಳ್ತೀನಿ," ಎಂದಳು. "ನನ್ನ ಮಾತು ನಂಬ್ತಾಳೆ. ಆಮೇಲೆ ನಾವು ಮೂವರೂ..."

ಅವಳ ಫೋನು ಬಡಿದುಕೊಂಡಿತು. ಉಚ್ಚಂಗೆಪ್ಪ.

"ಮೇಡಮ್ಮೋರೆ, ಒಂದು ಯಡವಟ್ಟು ಆಗೈತೆ. ಬೈಬ್ಯಾಡ್ರಿ."

"ಹೇಳಿ."

"ಊರು ಮುಟ್ಟೋ ಮುಂಚೆ ಚಾ ಕುಡಿಯಾಕೆ ನಿಲ್ಸಿದ್ವಿ. ನಾನು ಒಂದು ಲೋಟ ಎತ್ತಿ ಇಡೋದ್ರಾಗೆ ಆ ಹೇಮಮ್ಮನ್ನ ಅವನು ತನ್ನ ಕಾರಿಗೆ ಹತ್ತಿಸ್ಕಂಡು ಹೋಗ್ಯಾನೆ. ಗುರುಬಸವರಾಜು. ಹಿಂದೆ ಬಿದ್ದೆ, ಸಿಗ್ಲಿಲ್ಲ. ಫೋನು ಎರಡೂ ಆಫ್."

"ಎಷ್ಟು ಹೊತ್ತಾಯ್ತು?"

"ಒಂದು ತಾಸು ಆತು. ನಾನೇ ಹಿಡೀತೀನಿ ಅಂತ..." ಉಚ್ಚಂಗೆಪ್ಪ ಮಾತು ನುಂಗಿದ. "ಚಾ ಅಂಗಡಿಯೋನು ಹೇಳ್ದ, ಆಯಮ್ಮ ನಗ್ತಾ ಹತ್ತಿದ್ರಂತೆ. ಮಗು ಜಗಳೂರಾಗೆ ಐತೆ, ಸಿಕ್ತು ಅಂತ ಅವನು ಹೇಳಿದ್ನಂತೆ."

ದುರ್ಗಾಂಬಿಕಾ ಫೋನು ಕೆಳಗಿಳಿಸಿದಳು. ಇನ್ನೂರ ಹನ್ನೆರಡು ಕಿಲೋಮೀಟರನ್ನು ಬಾಗಿ ನೋಡಿದ ಆ ಮುಖ ನೆನಪಾಯಿತು. ಒಂದು ದೂರ ನೋಡಿ ಊರು ಗುರುತಿಸಬಲ್ಲವರು ಈ ಕಾರಿನ ಸುತ್ತ ಇನ್ನೊಬ್ಬರಿದ್ದರು. ಆ ದಾರಿಯಲ್ಲಿ ಗುರುಬಸವರಾಜನೂ ಕಾರು ಓಡಿಸಿದ್ದ.

ಜಗಳೂರು ಎಂಬ ಮಾತು ನಿರ್ಮಲಮ್ಮನಿಗೆ ಕೇಳಿಸಿತ್ತು. ಅವಳು ಆಗಲೇ ತನ್ನ ಫೋನಿನಲ್ಲಿ ಕೊಲ್ಲಾಪುರಮ್ಮನನ್ನು ಕರೆಯುತ್ತಿದ್ದಳು. ಸ್ಪೀಕರಿನಲ್ಲಿ ಗಂಟೆ ಬಾರಿಸಿತು, ಬಾರಿಸಿತು.

"ಅಜ್ಜೀ?"

ಸಣ್ಣ ದನಿ. ಬಾಯಲ್ಲಿ ಏನೋ ಇತ್ತು.

ನಿರ್ಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆಮೇಲೆ ನಗುವ ದನಿಯಲ್ಲಿ ಕೇಳಿದಳು. "ಇಂಚೂ, ಏನ್ ತಿಂತಿದೀಯ ಬಂಗಾರ? ಕೊಲ್ಲಾಪುರಮ್ಮನ ಕೈಗೆ ಕೊಡು."

"ಅವ್ರು ನೀರು ಹಿಡಿಯಾಕೆ ಹೋಗ್ಯಾರೆ. ಚಾಕಲೇಟ್ ತಿಂತಿದೀನಿ. ಆಂಟಿ ಕೊಟ್ರು."

"ಯಾವ ಆಂಟಿ?"

"ಈ ಆಂಟಿ. ಈಗ ಬಂದ್ರು. ನಂಗೆ ಚಪ್ಪಲಿ ಹಾಕ್ತಾ ಇದಾರೆ." ಮಗು ಯಾರಿಗೋ ಏನೋ ಕೇಳಿತು, ಉತ್ತರ ಕೇಳಿಸಿಕೊಂಡಿತು. ಮತ್ತೆ ಫೋನಿಗೆ ಬಂದಾಗ ದನಿಯಲ್ಲಿ ಹಬ್ಬವಿತ್ತು. "ಅಜ್ಜೀ, ಹೊಸ ಅಪ್ಪ ಬರ್ತಾ ಇದಾರಂತೆ. ನನ್ನ ಕರ್ಕೊಂಡು ಹೋಗಾಕೆ."

ಕರೆ ಕಡಿದುಹೋಯಿತು.

ನಿರ್ಮಲಮ್ಮ ಫೋನನ್ನು ದುರ್ಗಾಂಬಿಕಾಳ ಮಡಿಲಿಗಿಟ್ಟಳು. ಕಾರನ್ನು ಹೊನ್ನಾಳಿಯ ಕಡೆ ತಿರುಗಿಸಲಿಲ್ಲ. ಗೇರಿಗೆ ಹಾಕಿ, ದಾವಣಗೆರೆಯ ದಾರಿಯನ್ನೊಮ್ಮೆ ನೋಡಿ, ಬರಿಗಾಲನ್ನು ಪೆಡಲಿನ ಮೇಲಿಟ್ಟು ನೆಲಕ್ಕೆ ಮುಟ್ಟುವ ತನಕ ಒತ್ತಿದಳು.

ಇಂಜಿನ್ ಕಿರುಚಿತು. ಬೇವಿನ ನೆರಳು ಹಿಂದೆ ಹಾರಿತು. ಮುಳ್ಳು 'ಪವರ್' ದಾಟಿ ಬಲದ ಕೊನೆಗೆ ಬಡಿದು ಅಲ್ಲೇ ನಿಂತಿತು. 'ಟ್ರಿಪ್ ಎ'ಯ ಸರಾಸರಿ ಮೂವತ್ತೊಂದರಲ್ಲಿತ್ತು. ಇಪ್ಪತ್ತಾರಾಯಿತು, ಇಪ್ಪತ್ತೆರಡಾಯಿತು, ಹತ್ತೊಂಬತ್ತಾಯಿತು.

ನಿರ್ಮಲಮ್ಮ ಅತ್ತ ನೋಡಲೇ ಇಲ್ಲ.